ಸೀಸ, ಹೊಗೆ ಮತ್ತು ತುಕ್ಕು ಹಿಡಿದ ಬೋಲ್ಟು



ಕ್ರಿಯಾವರ್ಧಕ ಎಂಬ ಪದವನ್ನು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ನೀವೆಲ್ಲರೂ ಓದಿದ್ದೀರಿ. ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತು ಎಂದು ಒಂದು ಅಂಕದ ಪ್ರಶ್ನೆಗೆ ಉತ್ತರವನ್ನೂ ಬರೆದಿದ್ದೀರಿ. ಆ ವಸ್ತು ಪ್ರಯೋಗಶಾಲೆಯ ಗಾಜಿನ ಬೀರುವಿನಲ್ಲಿ ಮಾತ್ರ ಇರುವುದಲ್ಲ. ರಸ್ತೆಯಲ್ಲಿ ಓಡುವ ಪ್ರತಿ ಹೊಸ ಪೆಟ್ರೋಲ್ ಕಾರಿನ ಹೊಗೆ ಕೊಳವೆಯಲ್ಲಿ, ಇಂಜಿನ್ನಿಗೂ ಸೈಲೆನ್ಸರಿಗೂ ನಡುವೆ, ಒಂದು ಉಕ್ಕಿನ ಡಬ್ಬಿಯೊಳಗೆ ಅದು ಕುಳಿತಿದೆ. ಆ ಡಬ್ಬಿಯ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್.

ಈ ಡಬ್ಬಿ ಕೆಟ್ಟಾಗ ಮಿಸ್ತ್ರಿಯವರು ಕಾರಿನ ಕೆಳಗೆ ಮಲಗಿ ತುಕ್ಕು ಹಿಡಿದ ಬೋಲ್ಟುಗಳೊಂದಿಗೆ ಗುದ್ದಾಡುತ್ತಾರೆ. ಅದನ್ನು ಕಂಡವರು ಇದೊಂದು ಕೊಳಕು ಕೆಲಸ ಎಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ಆ ಡಬ್ಬಿಯ ಹಿಂದೆ ಇನ್ನೂರು ವರ್ಷಗಳ ವಿಜ್ಞಾನವಿದೆ, ಒಂದು ನಗರದ ಕಣ್ಣೀರಿದೆ, ಲಕ್ಷಾಂತರ ಮಕ್ಕಳ ರಕ್ತದ ಲೆಕ್ಕವಿದೆ. ಆ ಇತಿಹಾಸ ಕಲಿಸುವ ಪಾಠವೂ ಮಿಸ್ತ್ರಿಯ ಕೆಲಸ ಕಲಿಸುವ ಪಾಠವೂ ಒಂದೇ: ಕಾರಣವನ್ನು ಹುಡುಕದೆ ಭಾಗವನ್ನು ಬದಲಿಸಿದರೆ, ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಜ್ವಾಲೆಯಿಲ್ಲದೆ ಉರಿದ ತಂತಿ

ಈ ಕಥೆ ಕಾರಿಗಿಂತ ಬಹಳ ಹಳೆಯದು. 1817ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಗಣಿಗಾರರ ದೀಪದ ಕುರಿತು ಪ್ರಯೋಗ ಮಾಡುತ್ತಿದ್ದಾಗ ಒಂದು ವಿಚಿತ್ರ ಕಂಡರು. ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಬಿಸಿ ಪ್ಲಾಟಿನಂ ತಂತಿಯನ್ನು ಇಟ್ಟರೆ, ಜ್ವಾಲೆಯೇ ಇಲ್ಲದೆ ತಂತಿ ಕೆಂಪಗೆ ಹೊಳೆಯುತ್ತಲೇ ಇತ್ತು. ಅನಿಲವು ತಂತಿಯ ಮೈಮೇಲೆ ಸದ್ದಿಲ್ಲದೆ ಉರಿಯುತ್ತಿತ್ತು. ತಂತಿ ಮಾತ್ರ ಸವೆಯುತ್ತಿರಲಿಲ್ಲ. 1835ರಲ್ಲಿ ಸ್ವೀಡನ್ನಿನ ಬರ್ಜಿಲಿಯಸ್ ಇಂತಹ ಕ್ರಿಯೆಗಳಿಗೆಲ್ಲ ಕ್ಯಾಟಲಿಸಿಸ್ ಎಂದು ಹೆಸರಿಟ್ಟರು. ಪ್ಲಾಟಿನಂನ ಸಹೋದರ ಲೋಹಗಳಾದ ಪಲ್ಲಾಡಿಯಂ ಮತ್ತು ರೋಡಿಯಂಗಳನ್ನು ಲಂಡನ್ನಿನ ವೊಲಾಸ್ಟನ್ ಅದಕ್ಕೂ ಮೊದಲೇ, 19ನೇ ಶತಮಾನದ ಆರಂಭದಲ್ಲಿ ಪತ್ತೆಹಚ್ಚಿದ್ದರು. ಹೀಗೆ ಮದ್ದು ಸಿದ್ಧವಾಗಿತ್ತು. ರೋಗ ಇನ್ನೂ ಹುಟ್ಟಿರಲಿಲ್ಲ.

ಕಣ್ಣೀರು ಸುರಿಸಿದ ನಗರ

1943ರ ಜುಲೈ ತಿಂಗಳು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಒಂದು ದಿನ ದಟ್ಟವಾದ ಕಂದು ಮಬ್ಬು ಮುಸುಕಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಶತ್ರುಗಳು ವಿಷಾನಿಲ ಬಿಟ್ಟರೆಂದು ಕೆಲವರು ಗಾಬರಿಯಾದರು. ಅನುಮಾನ ನಗರದೊಳಗಿನ ಒಂದು ಕೃತಕ ರಬ್ಬರು ಸಾಮಗ್ರಿಯ ಕಾರ್ಖಾನೆಯ ಮೇಲೆ ಬಿತ್ತು. ಅದನ್ನು ತಾತ್ಕಾಲಿಕವಾಗಿ ಮುಚ್ಚಿಸಿದರು. ಮಬ್ಬು ಹೋಗಲಿಲ್ಲ. ಕಾರಣ ತಪ್ಪಾಗಿ ಹಿಡಿದರೆ ಪರಿಹಾರ ಫಲಿಸುವುದಿಲ್ಲ ಎಂಬುದಕ್ಕೆ ಇದೇ ಮೊದಲ ಉದಾಹರಣೆ.

ನಿಜವಾದ ಕಾರಣವನ್ನು ಕಂಡುಹಿಡಿದವರು ಹಾಲೆಂಡಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಆರಿ ಹಾಗನ್-ಸ್ಮಿಟ್. ಅವರು ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರು. ಅದೇ ವಿಧಾನದಿಂದ ಊರಿನ ಗಾಳಿಯನ್ನೂ ಪರೀಕ್ಷಿಸಿದರು. 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟದ್ದು ಇಷ್ಟು: ಪೂರ್ತಿ ಉರಿಯದ ಪೆಟ್ರೋಲಿನ ಆವಿ ಮತ್ತು ಇಂಜಿನ್ನಿನ ತಾಪದಲ್ಲಿ ಹುಟ್ಟುವ ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಝೋನ್ ಮುಂತಾದ ಕಟುವಾದ ಅನಿಲಗಳಾಗುತ್ತವೆ. ಅಂದರೆ ಅಪರಾಧಿ ಒಂದು ಕಾರ್ಖಾನೆಯ ಚಿಮಣಿಯಲ್ಲ. ಪ್ರತಿ ಮನೆಯ ಮುಂದೆ ನಿಂತ ಕಾರು.

ಮದ್ದನ್ನೇ ಕೊಂದ ವಿಷ

ಈಗ ಯೂಜೀನ್ ಹೂಡ್ರಿ ಎಂಬ ಫ್ರೆಂಚ್ ಇಂಜಿನಿಯರನ ಪ್ರವೇಶ. 1892ರಲ್ಲಿ ಪ್ಯಾರಿಸ್ ಸಮೀಪ ಹುಟ್ಟಿದ ಇವರು ಕ್ರಿಯಾವರ್ಧಕದ ಸಹಾಯದಿಂದ ಕಚ್ಚಾತೈಲದಿಂದ ಹೆಚ್ಚು ಪೆಟ್ರೋಲ್ ತೆಗೆಯುವ ವಿಧಾನವನ್ನು ರೂಪಿಸಿದವರು. 1930ರಲ್ಲಿ ಅಮೆರಿಕಕ್ಕೆ ಬಂದರು. ಲಾಸ್ ಏಂಜಲೀಸಿನ ಮಬ್ಬಿನ ಸುದ್ದಿ ತಿಳಿದ ಮೇಲೆ, ಪೆಟ್ರೋಲ್ ಮಾಡಲು ಬಳಸಿದ ವಿದ್ಯೆಯನ್ನೇ ಪೆಟ್ರೋಲಿನ ಹೊಗೆ ತೊಳೆಯಲು ಬಳಸಿದರೆ ಹೇಗೆ ಎಂದು ಯೋಚಿಸಿದರು. ಅದಕ್ಕಾಗಿಯೇ ಒಂದು ಕಂಪನಿ ಕಟ್ಟಿದರು. 1956ರಲ್ಲಿ ಅವರ ಪರಿವರ್ತಕಕ್ಕೆ ಪೇಟೆಂಟ್ ಸಿಕ್ಕಿತು.

ಹಾಗಾದರೆ 1956ರಿಂದಲೇ ಕಾರುಗಳಲ್ಲಿ ಅದು ಏಕೆ ಬರಲಿಲ್ಲ? ಉತ್ತರ: ಸೀಸ.

1921ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಜ್ಲಿ, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಸ್ವಲ್ಪ ಬೆರೆಸಿದರೆ ಇಂಜಿನ್ನಿನ ಕುಟ್ಟುವ ಸದ್ದು ನಿಲ್ಲುತ್ತದೆ ಎಂದು ಕಂಡುಹಿಡಿದಿದ್ದರು. 1923ರಿಂದ ಅಂತಹ ಪೆಟ್ರೋಲಿನ ಮಾರಾಟ ಶುರುವಾಯಿತು. ಅದರ ಮರುವರ್ಷವೇ ನ್ಯೂಜೆರ್ಸಿಯ ಒಂದು ತಯಾರಿಕಾ ಘಟಕದಲ್ಲಿ ಐವರು ಕೆಲಸಗಾರರು ಸೀಸದ ವಿಷದಿಂದ ಸತ್ತರು. ಮಿಜ್ಲಿಯವರಿಗೇ ಸೀಸದ ಬಾಧೆ ತಗುಲಿತ್ತು. ಆದರೂ ಇಂಜಿನ್ನಿಗೆ ಒಳ್ಳೆಯದು, ಬೆಲೆಯೂ ಕಡಿಮೆ ಎಂಬ ಕಾರಣಕ್ಕೆ ಅದು ಜಗತ್ತಿನಾದ್ಯಂತ ಹರಡಿತು.

ಆ ಸೀಸ ಹೊಗೆಯೊಂದಿಗೆ ಹೊರಬರುವಾಗ ಕ್ರಿಯಾವರ್ಧಕದ ಮೈಮೇಲೆ ಪದರವಾಗಿ ಕೂತುಬಿಡುತ್ತಿತ್ತು. ಸುಣ್ಣ ಬಳಿದ ಗೋಡೆಯಂತಾದ ಆ ಮೈಯನ್ನು ಅನಿಲಗಳು ಮುಟ್ಟಲಾರದೆ ಹೋದವು. ಹೂಡ್ರಿಯವರ ಪರಿವರ್ತಕ ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ಬರುತ್ತಿದ್ದ ಹೊಗೆ ವಿಷವಾಗಿತ್ತು. 1962ರಲ್ಲಿ ಅವರು ತೀರಿಕೊಂಡಾಗ ಅವರ ಕನಸಿನ ಡಬ್ಬಿ ಸಾಮಾನ್ಯ ಕಾರಿನ ಕೆಳಗೆ ಇನ್ನೂ ಬಂದಿರಲಿಲ್ಲ.

ಸೀಸ ಕ್ರಿಯಾವರ್ಧಕಕ್ಕೆ ಮಾತ್ರ ವಿಷವಾಗಿರಲಿಲ್ಲ. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ಕಲಿಯುವ ಶಕ್ತಿಯನ್ನು ತಗ್ಗಿಸುತ್ತದೆ. ವಾತಾವರಣದಲ್ಲಿ ಸೀಸ ಹೇಗೆ ಹೆಚ್ಚಿದೆ ಎಂಬುದನ್ನು 1960ರ ದಶಕದಲ್ಲಿ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ ಬಯಲಿಗೆ ತಂದರು. ಇವರು ಭೂಮಿಯ ವಯಸ್ಸನ್ನು ನಿಖರವಾಗಿ ಲೆಕ್ಕ ಹಾಕಿದವರೂ ಹೌದು.

ಕಾನೂನು ಬಂದ ಮೇಲೆ ದಾರಿ ತೆರೆಯಿತು

1970ರಲ್ಲಿ ಅಮೆರಿಕ ಶುದ್ಧ ಗಾಳಿಯ ಕಾಯ್ದೆಯನ್ನು ಬಿಗಿಗೊಳಿಸಿತು. ಕೆಲವೇ ವರ್ಷಗಳಲ್ಲಿ ಹೊಸ ಕಾರುಗಳ ಹೊಗೆಯ ವಿಷವನ್ನು ಶೇಕಡಾ 90ರಷ್ಟು ಇಳಿಸಬೇಕೆಂದು ಹೇಳಿತು. ಕಂಪನಿಗಳು ಅಸಾಧ್ಯ ಎಂದವು. ಆದರೆ ಕಾನೂನಿನ ಒತ್ತಡಕ್ಕೆ ಪ್ರತಿಭೆ ಅರಳಿತು. ಕಾರ್ನಿಂಗ್ ಕಂಪನಿಯ ಬ್ಯಾಗ್ಲಿ, ಲಾಕ್‌ಮನ್ ಮತ್ತು ಲೂಯಿಸ್ ಎಂಬ ಮೂವರು ಕಾರ್ಡಿಯರೈಟ್ ಎಂಬ ಪಿಂಗಾಣಿಯಿಂದ ಜೇನುಗೂಡಿನಂತಹ ದಿಮ್ಮಿ ಮಾಡುವ ವಿಧಾನ ಕಂಡುಹಿಡಿದರು. ಎಂಗೆಲ್‌ಹಾರ್ಡ್ ಕಂಪನಿಯ ಜಾನ್ ಮೂನಿ ಮತ್ತು ಕಾರ್ಲ್ ಕೀತ್, ಮೂರೂ ವಿಷಾನಿಲಗಳನ್ನು ಒಂದೇ ಡಬ್ಬಿಯಲ್ಲಿ ನಿವಾರಿಸುವ ಮೂರು ದಾರಿಯ ಪರಿವರ್ತಕವನ್ನು 1973ರ ಹೊತ್ತಿಗೆ ರೂಪಿಸಿದರು.

ಈ ಬಾರಿ ಹೂಡ್ರಿಯವರ ಕಾಲದ ತೊಡಕು ಮರುಕಳಿಸಲಿಲ್ಲ. ಡಬ್ಬಿ ಬರುವ ಮೊದಲೇ ಸೀಸವಿಲ್ಲದ ಪೆಟ್ರೋಲ್ ಬಂಕುಗಳಿಗೆ ಬಂತು. 1975ರ ಮಾದರಿಯ ಬಹುಪಾಲು ಅಮೆರಿಕನ್ ಕಾರುಗಳಲ್ಲಿ ಪರಿವರ್ತಕ ಕಾಣಿಸಿಕೊಂಡಿತು. ಫಲ ಏನಾಯಿತು ಗೊತ್ತೇ? 1970ರ ದಶಕದ ಕೊನೆಯಲ್ಲಿ ಅಮೆರಿಕನ್ನರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ ಸರಾಸರಿ 12.8 ಮೈಕ್ರೋಗ್ರಾಂ ಸೀಸವಿತ್ತು. 1990ರ ಸುಮಾರಿಗೆ ಅದು 2.8ಕ್ಕೆ ಇಳಿಯಿತು. ಆಹಾರದ ಡಬ್ಬಗಳ ಬೆಸುಗೆಯಲ್ಲಿ ಸೀಸ ಬಿಟ್ಟದ್ದೂ ಇದಕ್ಕೆ ನೆರವಾಯಿತು, ಆದರೆ ದೊಡ್ಡ ಪಾಲು ಪೆಟ್ರೋಲಿನದು. ಡಬ್ಬಿಯನ್ನು ಉಳಿಸಲೆಂದು ಸೀಸ ತೆಗೆದರು, ಉಳಿದದ್ದು ಮಕ್ಕಳು.

ನಮ್ಮ ದೇಶದಲ್ಲಿ

ಭಾರತದಲ್ಲಿ ದೆಹಲಿಯ ವಾಹನ ಹೊಗೆಯ ವಿರುದ್ಧ ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋದರು. ಮುಂದೆ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕ ಕಡ್ಡಾಯವಾಯಿತು, ಅಲ್ಲಿ ಸೀಸರಹಿತ ಪೆಟ್ರೋಲನ್ನೂ ಒದಗಿಸಲಾಯಿತು. ಆದರೆ ಅಂತಹ ಕಾರು ಮಹಾನಗರ ದಾಟಿ ದೂರದ ಊರಿಗೆ ಹೋಗಿ ಅಲ್ಲಿನ ಸೀಸದ ಪೆಟ್ರೋಲ್ ಹಾಕಿಸಿಕೊಂಡರೆ? ಹೂಡ್ರಿಯವರ ಕಥೆಯೇ ಮತ್ತೆ! ಹಾಗಾಗಿ ಅರ್ಧ ದಾರಿಯಲ್ಲಿ ನಿಲ್ಲುವಂತಿರಲಿಲ್ಲ.

ನಮ್ಮ ಬೆಂಗಳೂರಿಗೂ ಈ ಇತಿಹಾಸದಲ್ಲಿ ಪಾಲಿದೆ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿತು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಈ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದ ಫೆಬ್ರವರಿ 1ರಿಂದ, ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದು, ಕ್ರಿಯಾವರ್ಧಕದ ಇನ್ನೊಂದು ಶತ್ರುವಾದ ಗಂಧಕದ ಮಿತಿ ಪೆಟ್ರೋಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 50ರಿಂದ 10 ಭಾಗಕ್ಕೆ ಇಳಿಯಿತು. ಜಗತ್ತಿನಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯ, ಅದು 2021ರಲ್ಲಿ.

ಡಬ್ಬಿಯೊಳಗೆ ಏನಿದೆ?

ಕನ್ವರ್ಟರನ್ನು ಸೀಳಿ ನೋಡಿದರೆ ಪಿಂಗಾಣಿಯ ಜೇನುಗೂಡು ಕಾಣುತ್ತದೆ. ಅದರ ಒಂದು ಚದರ ಅಂಗುಲದಲ್ಲಿ ಸಾಮಾನ್ಯವಾಗಿ 400 ಸಣ್ಣ ಕಿಂಡಿಗಳಿರುತ್ತವೆ. ಕಿಂಡಿಗಳ ಗೋಡೆಗೆ ಅಲ್ಯುಮಿನದ ಒರಟು ಲೇಪ, ಆ ಲೇಪದಲ್ಲಿ ಕೆಲವೇ ಗ್ರಾಂನಷ್ಟು ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂ. ಹೊಗೆ ಈ ಕಿಂಡಿಗಳಲ್ಲಿ ಹಾಯುವಾಗ ಇಂಗಾಲದ ಮೊನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಯದ ಪೆಟ್ರೋಲ್ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಸಾರಜನಕದ ಆಕ್ಸೈಡು ಮತ್ತೆ ಸಾರಜನಕವಾಗುತ್ತದೆ. ಇದಕ್ಕೆ ಎರಡು ಷರತ್ತು. ಡಬ್ಬಿ ಸುಮಾರು 250ರಿಂದ 300 ಡಿಗ್ರಿ ಬಿಸಿಯಾಗಬೇಕು. ಪೆಟ್ರೋಲ್ ಒಂದು ಭಾಗಕ್ಕೆ ಗಾಳಿ ತೂಕದಲ್ಲಿ ಸುಮಾರು 14.7 ಭಾಗ ಇರಬೇಕು. ಈ ಲೆಕ್ಕ ಕಾಯುವುದಕ್ಕೆಂದೇ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ.

ಏಕೆ ಸಾಯುತ್ತದೆ?

ಕ್ರಿಯಾವರ್ಧಕ ಖರ್ಚಾಗುವುದಿಲ್ಲ ಎಂದು ಪುಸ್ತಕ ಹೇಳುತ್ತದೆ. ಹಾಗಾದರೆ ಡಬ್ಬಿ ಏಕೆ ಕೆಡಬೇಕು? ಖರ್ಚಾಗುವುದಿಲ್ಲ ನಿಜ, ಆದರೆ ಕೊಲ್ಲಲ್ಪಡುತ್ತದೆ. ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ ಹಸಿ ಪೆಟ್ರೋಲ್ ನೇರವಾಗಿ ಡಬ್ಬಿಗೆ ಬಂದು ಅಲ್ಲಿಯೇ ಉರಿಯುತ್ತದೆ. ಶಾಖ ವಿಪರೀತ ಏರಿ ಜೇನುಗೂಡು ಕರಗಿ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ ರಿಂಗ್ ಸವೆದು ಇಂಜಿನ್ ಆಯಿಲ್ ಸುಟ್ಟರೆ ಅದರಲ್ಲಿನ ರಂಜಕ ಕ್ರಿಯಾವರ್ಧಕವನ್ನು ಮುಚ್ಚುತ್ತದೆ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಹೊಗೆಯೊಂದಿಗೆ ಬಂದರೂ ಅದೇ ಗತಿ. ದೊಡ್ಡ ಹಂಪಿಗೆ ಹೊಟ್ಟೆ ಬಡಿದರೆ ಪಿಂಗಾಣಿ ಒಡೆದು ಗಲಗಲ ಸದ್ದು ಮಾಡುತ್ತದೆ.

ಇಂಜಿನ್ ವೇಗ ಏರಿಸಿದರೂ ಗಾಡಿ ಎಳೆಯದಿರುವುದು, ಇಂಜಿನ್ನಿನ ಎಚ್ಚರಿಕೆ ದೀಪ ಉರಿಯುವುದು, ಹೊಗೆ ತಪಾಸಣೆಯಲ್ಲಿ ಫೇಲಾಗುವುದು ಇದರ ಲಕ್ಷಣಗಳು. ಆದರೆ ದೀಪ ಉರಿದ ಕೂಡಲೇ ಡಬ್ಬಿ ಬದಲಿಸಿ ಎನ್ನುವುದು, ಜ್ವರ ಬಂದ ಕೂಡಲೇ ಥರ್ಮಾಮೀಟರ್ ಬದಲಿಸಿದಂತೆ. ಕೆಲವೊಮ್ಮೆ ಸೆನ್ಸರ್ ಕೆಟ್ಟಿರುತ್ತದೆ. ಕೆಲವೊಮ್ಮೆ ಕೊಳವೆಯ ಕೀಲಿನಲ್ಲಿ ಗಾಳಿ ಸೋರಿ ಸೆನ್ಸರಿಗೆ ಸುಳ್ಳು ಲೆಕ್ಕ ಹೋಗುತ್ತಿರುತ್ತದೆ. ಒಳ್ಳೆಯ ಮಿಸ್ತ್ರಿ ಮೊದಲು ಪ್ಲಗ್, ಆಯಿಲ್, ಕೂಲೆಂಟ್, ಸೋರಿಕೆ ನೋಡುತ್ತಾನೆ. ಆಮೇಲೆ ಪಾನಾ ಹಿಡಿಯುತ್ತಾನೆ.

ಬೋಲ್ಟು ಏಕೆ ಹಠ ಹಿಡಿಯುತ್ತದೆ?

ಉರ್ದುವಿನಲ್ಲಿ ಜಂಗ್, ಕನ್ನಡದಲ್ಲಿ ತುಕ್ಕು ಅಥವಾ ಜಂಗು. ಹೆಸರು ಯಾವುದಾದರೂ ಕೆಲಸ ಒಂದೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಆಶ್ಚರ್ಯವಾಗಬಹುದು. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರುವುದೇ ಇದಕ್ಕೆ ಕಾರಣ. ಅದರಲ್ಲಿ ಸ್ವಲ್ಪ ಭಾಗ ತಣ್ಣನೆಯ ಕೊಳವೆಯಲ್ಲಿ ಹನಿಯಾಗುತ್ತದೆ. ಹೊರಗಿನಿಂದ ಮಳೆ ಮತ್ತು ಕೆಸರು. ಇದರ ಮೇಲೆ ದಿನವೂ ನೂರಾರು ಡಿಗ್ರಿ ಬಿಸಿಯಾಗುವುದು, ಮತ್ತೆ ತಣಿಯುವುದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಬೋಲ್ಟಿನ ಸುರುಳಿಯ ಸಂದಿಗಳಲ್ಲಿ ಅದು ಬೆಣೆಯಂತೆ ಕೂತುಬಿಡುತ್ತದೆ.

ಇಲ್ಲಿ ಬಲಕ್ಕಿಂತ ತಾಳ್ಮೆ ದೊಡ್ಡದು. ತಾಳಿದವನು ಬಾಳಿಯಾನು ಎಂಬ ಗಾದೆ ಬೋಲ್ಟಿಗೂ ಸಲ್ಲುತ್ತದೆ. ಅನುಭವಿಗಳ ಕ್ರಮ ಹೀಗಿರುತ್ತದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಜಾಕಿನ ಜೊತೆ ಗಟ್ಟಿಯಾದ ಸ್ಟ್ಯಾಂಡುಗಳನ್ನೂ ಕೊಡಬೇಕು. ಬರೀ ಜಾಕನ್ನು ನಂಬಿ ಕೆಳಗೆ ಹೋಗಬಾರದು; ಹಾಗೆ ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಕೊಳವೆ ಪೂರ್ತಿ ತಣ್ಣಗಾದ ಮೇಲೆ ತಂತಿ ಬ್ರಷ್‌ನಿಂದ ಸುರುಳಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಡಬೇಕು. ಇಲ್ಲೂ ಒಂದು ಚರಿತ್ರೆಯಿದೆ: ಗ್ಯಾರೇಜುಗಳಲ್ಲಿ ಕಾಣುವ ಡಬ್ಲ್ಯೂಡಿ-40 ಎಂಬ ಡಬ್ಬಿ 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು, ಕ್ಷಿಪಣಿಗಳ ಮೈಗೆ ತುಕ್ಕು ಹಿಡಿಯದಂತೆ ನೀರನ್ನು ಸರಿಸುವುದಕ್ಕಾಗಿ. ಆ ಅಂಕಿ, ನಲವತ್ತನೆಯ ಪ್ರಯತ್ನದಲ್ಲಿ ಸೂತ್ರ ಕೈಗೂಡಿತೆಂಬುದರ ಗುರುತು. ಮೂವತ್ತೊಂಬತ್ತು ಬಾರಿ ಸೋತವರ ಫಲವನ್ನು ನಾವು ಬಳಸುತ್ತಿದ್ದೇವೆ!

ಮರುದಿನ ಆರು ಮೂಲೆಯ ಸಾಕೆಟ್ ಹಾಕಬೇಕು. ಹನ್ನೆರಡು ಮೂಲೆಯದು ತುಕ್ಕಿನ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಮೊದಲು ಬಿಚ್ಚಲು ಹೋಗದೆ ಎಳೆಯಷ್ಟು ಬಿಗಿಮಾಡಿ ನೋಡಬೇಕು. ಕಟ್ಟೆಂದು ಸದ್ದಾಗಿ ತುಕ್ಕು ಒಡೆದರೆ, ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಹಿಂದಿರುಗಿಸಿ, ಎಣ್ಣೆ ಹಾಕುತ್ತ ಹೊರಗೆ ತರಬೇಕು. ಒಂದೇ ಏಟಿಗೆ ಎಳೆದರೆ ಬೋಲ್ಟು ತುಂಡಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಆಗಲೂ ಜಗ್ಗದಿದ್ದರೆ ಬೆಂಕಿ. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. ಹತ್ತು ಮಿಲಿಮೀಟರಿನ ನಟ್ಟು ಬೋಲ್ಟಿಗಿಂತ 400 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರಂಧ್ರ ಸುಮಾರು 0.05 ಮಿಲಿಮೀಟರ್ ಹಿಗ್ಗುತ್ತದೆ. ಅದು ಕೂದಲಿಗಿಂತ ತೆಳು, ಆದರೆ ತುಕ್ಕಿನ ಹಿಡಿತ ಸಡಿಲಿಸಲು ಅಷ್ಟು ಸಾಕು. ಘನವಸ್ತುಗಳ ಉಷ್ಣ ವ್ಯಾಕೋಚನದ ಪಾಠ ಇಲ್ಲಿ ಕೈಗೆ ಸಿಗುತ್ತದೆ. ಬೆಂಕಿ ಹಿಡಿಯುವ ಮುನ್ನ ಎಣ್ಣೆ ಒರೆಸಬೇಕು. ಪೆಟ್ರೋಲ್ ಪೈಪು, ವೈರು, ರಬ್ಬರುಗಳನ್ನು ದೂರ ಸರಿಸಬೇಕು. ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಸಂಯುಕ್ತಗಳಿರುತ್ತವೆ. ಅವು ಕಾದ ಲೋಹಕ್ಕೆ ತಾಗಿದರೆ ಪ್ರಾಣಾಂತಕ ಅನಿಲ ಹುಟ್ಟಬಹುದು. ಬೆಂಕಿಯ ಬಳಿ ಅವು ಬೇಡವೇ ಬೇಡ.

ಕೊನೆಯ ದಾರಿ ನಟ್ಟನ್ನು ಕತ್ತರಿಸುವುದು. ಎರಡು ಕೊಳವೆ ಕೂಡುವಲ್ಲಿನ ಬೋಲ್ಟು ಹೋದರೆ ಚಿಂತೆಯಿಲ್ಲ, ಹೊಸದು ಅಗ್ಗ. ಇಂಜಿನ್ನಿನ ಮೈಗೆ ನೆಟ್ಟ ಸ್ಟಡ್ಡು ಮುರಿದರೆ ಮಾತ್ರ ಕೆಲಸ ಹತ್ತು ಪಟ್ಟು. ಎಲ್ಲಿ ಜೋರು ಮಾಡಬಹುದು, ಎಲ್ಲಿ ಮಾಡಬಾರದು ಎಂಬ ವಿವೇಕವೇ ಉಸ್ತಾದನನ್ನೂ ಶಾಗಿರ್ದನನ್ನೂ ಬೇರೆ ಮಾಡುವುದು.

ಜೋಡಿಸುವಾಗ ಗ್ಯಾಸ್ಕೆಟ್, ನಟ್ಟು, ಬೋಲ್ಟು ಹೊಸದಾಗಿರಲಿ. ಡಬ್ಬಿಯ ಮೇಲಿನ ಬಾಣದ ಗುರುತು ಹೊಗೆ ಹೋಗುವ ದಿಕ್ಕಿಗಿರಲಿ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ಹತ್ತಿಸಿ, ಆಮೇಲೆ ಒಂದಾದ ಮೇಲೊಂದು ಸಮನಾಗಿ ಬಿಗಿಮಾಡಬೇಕು. ಸುರುಳಿಗೆ ಶಾಖ ತಡೆಯುವ ಆಂಟಿ-ಸೀಝ್ ಪೇಸ್ಟನ್ನು ತೆಳುವಾಗಿ ಸವರಿದರೆ ಮುಂದೆ ಬಿಚ್ಚುವವರು ನಿಮ್ಮನ್ನು ಹರಸುತ್ತಾರೆ. ಸೆನ್ಸರಿನ ತುದಿಗೆ ಮಾತ್ರ ಅದು ತಾಗಬಾರದು.

ಖಾಲಿ ಕೊಳವೆಯ ಮೋಸ

2021ರಲ್ಲಿ ರೋಡಿಯಂನ ಬೆಲೆ ಚಿನ್ನಕ್ಕಿಂತ ಹತ್ತು ಪಟ್ಟಿಗೂ ಮೀರಿ ಏರಿತ್ತು. ಆ ವರ್ಷಗಳಲ್ಲಿ ಅನೇಕ ದೇಶಗಳಲ್ಲಿ ನಿಂತ ಕಾರುಗಳ ಕೆಳಗಿನಿಂದ ಡಬ್ಬಿಗಳನ್ನೇ ಕುಯ್ದು ಕದ್ದರು. ಕಳ್ಳತನಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ: ಹೊಸ ಡಬ್ಬಿ ದುಬಾರಿ ಎಂದು ಹಳೆಯದನ್ನು ತೆಗೆದು ಖಾಲಿ ಕೊಳವೆ ಹಾಕಿಬಿಡುವುದು. ಗಾಡಿ ಓಡುತ್ತದೆ, ಮಾಲೀಕನ ಹಣ ಉಳಿಯುತ್ತದೆ. ಆದರೆ ಆ ಹೊಗೆ ಎಲ್ಲಿಗೆ ಹೋಗುತ್ತದೆ? ಶಾಲೆಯ ಗೇಟಿನ ಮುಂದೆ ಆಟೋ ಕಾಯುತ್ತ ನಿಂತ ಮಗುವಿನ ಎದೆಗೆ. ಹಳೆಯ ಡಬ್ಬಿ ಗುಜರಿಗೆ ಹೋಗುವಾಗ ಅದರ ಲೋಹವನ್ನು ಮರಳಿ ಪಡೆಯುವ ಅಧಿಕೃತ ಮರುಬಳಕೆದಾರರನ್ನು ಸೇರಲಿ. ಮುಖಕ್ಕೆ ಬಟ್ಟೆಯೂ ಕಟ್ಟದೆ ಅದನ್ನು ಒಡೆದು ಆ ಪುಡಿ ಕುಡಿಯುವ ಕೆಲಸ ನಮ್ಮ ಹುಡುಗರಿಗೆ ಬೇಡ.

ವಿದ್ಯಾರ್ಥಿ ಮಿತ್ರರೇ,

ನಿಮ್ಮಲ್ಲಿ ಕೆಲವರು ಇಂಜಿನಿಯರಿಂಗ್ ಸೇರುವಿರಿ, ಕೆಲವರು ಐಟಿಐ ಸೇರುವಿರಿ, ಇನ್ನು ಕೆಲವರು ಮನೆಯ ಪರಿಸ್ಥಿತಿಯಿಂದ ನೇರವಾಗಿ ಗ್ಯಾರೇಜಿಗೆ ಹೋಗುವಿರಿ. ಯಾವುದೂ ಕೀಳಲ್ಲ. ಅನಾನಸ್ ಹಣ್ಣಿನ ಪರಿಮಳ ಹುಡುಕುತ್ತಿದ್ದ ಪ್ರಾಧ್ಯಾಪಕರು ಕೇಳಿದ ಪ್ರಶ್ನೆಯೂ, ಎಣ್ಣೆ ಕೈಯ ಮಿಸ್ತ್ರಿ ಕೇಳಬೇಕಾದ ಪ್ರಶ್ನೆಯೂ ಒಂದೇ: ಇದು ಕೆಟ್ಟದ್ದು ಏಕೆ? ಲಾಸ್ ಏಂಜಲೀಸಿನವರು ಆ ಪ್ರಶ್ನೆ ಕೇಳದೆ ಕಾರ್ಖಾನೆ ಮುಚ್ಚಿಸಿದರು, ಮಬ್ಬು ಉಳಿಯಿತು. ಸೀಸದ ಮಾರಾಟಗಾರರು ಆ ಪ್ರಶ್ನೆಯನ್ನು ಐವತ್ತು ವರ್ಷ ತಳ್ಳಿಹಾಕಿದರು, ಮಕ್ಕಳು ಬೆಲೆ ತೆತ್ತರು. ಪುಸ್ತಕದ ಒಂದು ಅಂಕದ ಉತ್ತರವನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಆ ಉತ್ತರದ ಹಿಂದಿನ 'ಏಕೆ'ಯನ್ನು ಬೆನ್ನಟ್ಟುವವರು ತಮ್ಮ ಕೆಲಸದಲ್ಲಿ ಉಸ್ತಾದರಾಗುತ್ತಾರೆ. ನೀವು ಎರಡೂ ಆಗಿರಿ.